ಜಲಕವಚದ ಅಳತೆ

ನಟ್ಟಿಗದ್ದೆಯಲ್ಲಿ ಬೆನ್ನು ಬಾಗಿಸಿ ದುಡಿಯುವವರಿಗೆ ಮಲೆನಾಡಿನ ಗೊರಬು ಮುಗಿಲಿನಿಂದ ಸುರಿಯುವ ನೀರನ್ನು ತಡೆದುಕೊಟ್ಟರೆ ಸಾಕು. ಅದಕ್ಕಿಂತ ಹೆಚ್ಚಿನ ಹೊಣೆ ಅದಕ್ಕಿಲ್ಲ. ಆದರೆ ಗ್ರೀನ್‌ಲ್ಯಾಂಡಿನ ಕರಾವಳಿಯಲ್ಲಿ, ತನ್ನ ಸೊಂಟಕ್ಕಿಂತ ಸ್ವಲ್ಪವೇ ಅಗಲವಾದ ಕಯಾಕಿನೊಳಗೆ ಕಾಲು ಚಾಚಿ ಕುಳಿತು ಹಿಮಗಡ್ಡೆಗಳ ನಡುವೆ ಸೀಲುಗಳನ್ನು ಅರಸುತ್ತಿದ್ದ ಬೇಟೆಗಾರನಿಗೆ, ದೋಣಿ ಮಗುಚಿದ ಕ್ಷಣದಲ್ಲಿ ನೀರು ಎಲ್ಲ ದಿಕ್ಕುಗಳಿಂದಲೂ ಮುತ್ತುವ ಶತ್ರು. ಅವನ ಉಡುಪು ಆ ನೀರನ್ನು ಹೊರಗಿರಿಸಬೇಕು, ಹುಟ್ಟು ಹಾಕುವ ತೋಳುಗಳನ್ನು ಮಾತ್ರ ಬಂಧಿಸಬಾರದು. ಇಂದಿನವರು ಡ್ರೈಸೂಟ್ ಎಂದು ಕರೆಯುವ ಉಡುಪಿನ ಇತಿಹಾಸವೆಲ್ಲ ಈ ಎರಡು ಬೇಡಿಕೆಗಳ ವ್ಯಾಜ್ಯವೇ ಆಗಿದ್ದು, ಅದಕ್ಕೆ ಮೊದಲ ತೀರ್ಪನ್ನು, ನನ್ನ ಮಟ್ಟಿಗೆ ಅತ್ಯುತ್ತಮವಾದ ತೀರ್ಪನ್ನು, ಕೊಟ್ಟವರು ಉತ್ತರಧ್ರುವ ಪ್ರಾಂತ್ಯದ ಸ್ತ್ರೀಯರು.

ಗ್ರೀನ್‌ಲ್ಯಾಂಡಿನ ಇನ್ಯೂಟರ ತುಯ್ಲಿಕ್ ಎಂಬ ಅಂಗಿಯು ಕೂದಲು ತೆಗೆದ ಸೀಲುಚರ್ಮದ್ದು. ಕುಲಾವಿಯೂ ಅದಕ್ಕೆ ಕೂಡಿಯೇ ಇರುತ್ತಿತ್ತು. ಮುಖದ ಸುತ್ತಲೂ ಮಣಿಕಟ್ಟುಗಳಲ್ಲಿಯೂ ದಾರವೆಳೆದು ಬಿಗಿದು, ಕೆಳಗಣ ಅಂಚನ್ನು ಕಯಾಕಿನ ಕಂಡಿಯ ಬಳೆಗೆ ಕಟ್ಟಿದರೆ ನಾವಿಕನೂ ನೌಕೆಯೂ ಏಕದೇಹವಾಗಿ, ಮಗುಚಿದರೂ ಒಳಗೆ ನೀರು ನುಗ್ಗದೆ, ಹುಟ್ಟಿನ ಒಂದು ಬೀಸಿನಿಂದ ಮತ್ತೆ ಮೇಲೇಳುವುದು ಸಾಧ್ಯವಾಗುತ್ತಿತ್ತು. ಅಂಚುಗಳು ಇಷ್ಟು ಬಿಗಿಯಾಗಿದ್ದರೂ ಅಂಗಿಯ ಒಡಲು ಬಹು ಸಡಿಲ. ಮೇಲೇಳುವ ಯತ್ನದಲ್ಲಿ ಮುಂದಕ್ಕೆ ಬಾಗಿ, ಪಕ್ಕಕ್ಕೆ ಹೊರಳಿ, ಹಿಂದಕ್ಕೆ ಒರಗಬೇಕಾಗುವುದರಿಂದ, ಒಡಲಿನಲ್ಲಿ ಚರ್ಮ ಸಾಲದೆ ಹೋದರೆ ಅಂಗಿಯು ಬಳೆಯಿಂದ ಕಿತ್ತುಬರುವ ಭಯವಿದ್ದಿತು. ಈ ಅಳತೆಯನ್ನು ಹೆಂಗಸರು ಕಣ್ಣಿನಿಂದಲೂ ಕೈಯಿಂದಲೂ ತೆಗೆದು, ಉಲು ಎಂಬ ಅರ್ಧಚಂದ್ರಾಕೃತಿಯ ಕತ್ತಿಯಿಂದ ಚರ್ಮವನ್ನು ಕತ್ತರಿಸುತ್ತಿದ್ದರು. ಹೊಲಿಗೆಯ ಚಾತುರ್ಯವಂತೂ ಬೆರಗುಗೊಳಿಸುವಂಥದು: ಎರಡು ಅಂಚುಗಳನ್ನು ಒಂದರ ಮೇಲೊಂದಿರಿಸಿ, ಸೂಜಿಯು ಒಂದು ಚರ್ಮದ ಅರ್ಧ ದಪ್ಪದವರೆಗೆ ಮಾತ್ರ ಇಳಿದು ಹಿಂದಿರುಗುವಂತೆ ಒಂದು ಸಾಲು ಹೊಲಿದು, ಮಗ್ಗುಲು ತಿರುಗಿಸಿ ಮತ್ತೊಂದು ಸಾಲು ಹಾಕಿದಾಗ, ಎರಡನ್ನೂ ದಾಟಿಹೋಗುವ ರಂಧ್ರವೊಂದೂ ಉಳಿಯುತ್ತಿರಲಿಲ್ಲ, ದಾರವು ಪ್ರಾಣಿಗಳ ಸ್ನಾಯುತಂತುವಾದುದರಿಂದ ನೆನೆದೊಡನೆ ಉಬ್ಬಿ, ಸೂಜಿಯ ತೂತನ್ನು ತಾನೇ ಮುಚ್ಚಿಬಿಡುತ್ತಿತ್ತು.

ಅಲ್ಯೂಟಿಯನ್ ದ್ವೀಪಗಳಲ್ಲಿ ಚರ್ಮದ ಬದಲು ಕಡಲಸಿಂಹದ ಕರುಳು. ಅದನ್ನು ತೊಳೆದು, ಗಾಳಿಯೂದಿ ಒಣಗಿಸಿ, ಸೀಳಿ, ಪಟ್ಟಿಗಳನ್ನು ಜೋಡಿಸಿ ಹೊಲಿದ ಕಮ್ಲೈಕ ಎಂಬ ಮೇಲಂಗಿಯು ಗರಿಯಂತೆ ಹಗುರ. ಒಣಗಿದರೆ ಬಿರುಕುಬಿಡುತ್ತದೆಂದು ತೊಡುವ ಮುನ್ನ ತೇವ ಮಾಡುತ್ತಿದ್ದರು. ನಾವಿಕ ಬೇರಿಂಗನ 1741ರ ಯಾನದ ತರುವಾಯ ಅಲ್ಲಿಗೆ ಬಂದ ರಷ್ಯನ್ನರೂ ಅದನ್ನು ಮೆಚ್ಚಿ ತೊಟ್ಟರು. 1721ರಲ್ಲಿ ಗ್ರೀನ್‌ಲ್ಯಾಂಡಿಗೆ ಹೋದ ಪಾದ್ರಿ ಹಾನ್ಸ್ ಎಗೆಡೆಯು ವರ್ಣಿಸಿರುವ ತಿಮಿಂಗಿಲಬೇಟೆಯ ಉಡುಪಿನಲ್ಲಿ ಪಾದರಕ್ಷೆ, ಕೈಗವಸು, ಕುಲಾವಿ ಎಲ್ಲವೂ ಒಂದೇ ತುಂಡು. ಅಂಥದೊಂದು ಕೋಪನ್‌ಹೇಗನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಅದರೊಳಕ್ಕೆ ಎದೆಯ ಕಂಡಿಯಿಂದಲೇ ಇಳಿಯಬೇಕು.

ಯುರೋಪು ಈ ವಿದ್ಯೆಗೆ ಕೈಹಾಕಿದುದು ರಬ್ಬರಿನ ಮೂಲಕ. 1823ರಲ್ಲಿ ಚಾರ್ಲ್ಸ್ ಮ್ಯಾಕಿಂಟಾಶನು ರಬ್ಬರು ಹಚ್ಚಿದ ಬಟ್ಟೆಗೆ ಹಕ್ಕುಪತ್ರ ಪಡೆದ ಅರ್ಧ ಶತಮಾನದ ಬಳಿಕ, 1875ರ ಮೇ ತಿಂಗಳಲ್ಲಿ, ಪಾಲ್ ಬಾಯ್ಟನ್ ಎಂಬ ಸಾಹಸಿಯು ಮೆರಿಮನ್ ಎಂಬಾತನು ನಿರ್ಮಿಸಿದ ಗಾಳಿಯೂದುವ ರಬ್ಬರುಡುಪನ್ನು ತೊಟ್ಟು, ನೀರಿನ ಮೇಲೆ ಅಂಗಾತ ಮಲಗಿ, ಪಾದ ಮುಂದಾಗಿ, ಎರಡು ಅಲಗಿನ ಹುಟ್ಟನ್ನು ಹಾಕುತ್ತ ಸುಮಾರು 24 ಗಂಟೆಗಳಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿದನು. ದೋಣಿಯ ಖರ್ಚನ್ನೇ ಉಳಿಸಿದ ಈ ಮಹಾಶಯನು ಡ್ರೈಸೂಟಿನ ಚರಿತ್ರೆಯಲ್ಲಿ ವಿನೋದಕ್ಕೂ ಒಂದು ಸ್ಥಾನ ದೊರಕಿಸಿದನೆನ್ನಬೇಕು.

ಮುಂದೆ 1969ರಲ್ಲಿ ಅಮೆರಿಕದ ಬಾಬ್ ಗೋರ್ ಕಂಡುಹಿಡಿದ ಪದಾರ್ಥದಿಂದ, ಹೊರಗಿನ ನೀರನ್ನು ತಡೆದು ಒಳಗಿನ ಬೆವರಿನ ಆವಿಯನ್ನು ಹೊರಬಿಡುವ ಬಟ್ಟೆ ಹುಟ್ಟಿತು. ಅಂಚುಗಳಲ್ಲಿ ದಾರದ ಸ್ಥಾನಕ್ಕೆ ಲೇಟೆಕ್ಸಿನ ಗ್ಯಾಸ್ಕೆಟ್ ಎಂಬ ಬಿಗಿಪಟ್ಟಿ ಬಂದಿತು. ಬಟ್ಟೆ ಉತ್ತಮವಾಯಿತು, ನಿಜ. ಆದರೆ ಒಬ್ಬನ ದೇಹವನ್ನು ನೋಡಿ ಕತ್ತರಿಸುವ ಕೈ ಹೋಗಿ, ಸಣ್ಣದು, ಮಧ್ಯಮ, ದೊಡ್ಡದು ಎಂಬ ಕಾರ್ಖಾನೆಯ ವಿಂಗಡಣೆ ಬಂದ ಮೇಲೆ, ಅಳತೆಯ ಹೊಣೆ ತೊಡುವವನ ತಲೆಗೇ ಬಿದ್ದಿತು. ಕತ್ತನ್ನು ಒತ್ತುವ ಗ್ಯಾಸ್ಕೆಟ್ಟನ್ನು ರಾತ್ರಿಯೆಲ್ಲ ಪಾತ್ರೆಯೊಂದಕ್ಕೆ ತೊಡಿಸಿ ಹಿಗ್ಗಿಸುವುದು, ಅಷ್ಟಕ್ಕೂ ಒಗ್ಗದಿದ್ದರೆ ಅಚ್ಚಿನಲ್ಲಿಯೇ ಮೂಡಿದ ಗೆರೆಗಳನ್ನನುಸರಿಸಿ ಒಮ್ಮೆಗೆ ಒಂದೇ ಸುತ್ತು ಕತ್ತರಿಸುವುದು, ನೀರಿಗಿಳಿಯುವ ಮುನ್ನ ಕುಕ್ಕರಗಾಲಿನಲ್ಲಿ ಕುಳಿತು ಕತ್ತಿನ ಅಂಚನ್ನು ಬೆರಳಿನಿಂದ ಸರಿಸಿ ಒಳಗಿನ ಗಾಳಿಯನ್ನು ಹೊರಡಿಸುವುದು, ಇವೆಲ್ಲ ಆ ಸ್ತ್ರೀಯರು ಹೊಲಿಗೆಯಲ್ಲಿಯೇ ಮುಗಿಸುತ್ತಿದ್ದ ಕೆಲಸದ ಉಳಿಕೆಗಳು.

ಆದಕಾರಣ ಈ ಉಡುಪನ್ನು ಕೊಳ್ಳುವವರು ಕನ್ನಡಿಯ ಮುಂದೆ ನಿಂತು ಮೈಗೊಪ್ಪುವುದೇ ಎಂದು ನೋಡುವುದನ್ನು ಬಿಟ್ಟು, ಒಳಗೆ ಧರಿಸಬೇಕಾದ ಬೆಚ್ಚನೆಯ ಬಟ್ಟೆಗಳ ಸಹಿತವಾಗಿ ತೊಟ್ಟು, ಅಂಗಡಿಯ ನೆಲದ ಮೇಲೆಯೇ ಕಾಲು ಚಾಚಿ ಕುಳಿತು, ತೋಳುಗಳನ್ನು ತಲೆಯ ಮೇಲೆತ್ತಿ, ಎಡಕ್ಕೂ ಬಲಕ್ಕೂ ಹೊರಳಿ ನೋಡಲಿ. ತೊಡೆಸಂಧಿಯಲ್ಲಾಗಲಿ ಹೆಗಲಿನಲ್ಲಾಗಲಿ ಎಳೆತ ಕಂಡುಬಂದರೆ, ನಿಂತಾಗ ಎಷ್ಟೇ ಸೊಗಸಾಗಿ ಕಂಡಿದ್ದರೂ ಅದನ್ನು ಹಿಂದಿರುಗಿಸಿ, ಒಂದು ಅಳತೆ ದೊಡ್ಡದನ್ನೇ ಕೇಳಲಿ.