ಗೋಡೆಗೆ ಯಾವ ಲಿಂಗ?

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಬಾಲಗಾಂವದಂಥ ಊರುಗಳಲ್ಲಿ ಮನೆಯೊಳಗೆ ಕನ್ನಡ, ಸರಕಾರಿ ಕಾಗದಪತ್ರಕ್ಕೆ ಮರಾಠಿ. ಕನ್ನಡ ಸಾಲಿಯ ಮಕ್ಕಳು ಮರಾಠಿ ಕಲಿಯುವಾಗ ಮೊದಲು ಎಡವುವುದು ಲಿಂಗದಲ್ಲಿ. ಮರಾಠಿಗೆ ಗೋಡೆ ಹೆಣ್ಣು, ಬಾಗಿಲು ಗಂಡು, ಮನೆ ನಪುಂಸಕ. ನಮಗೆ ಮೂರೂ ‘ಅದು’. ಸ್ಪ್ಯಾನಿಷ್ ಕಲಿಯುವವರ ತಕರಾರೂ ಇಲ್ಲಿಂದಲೇ ಶುರು. ಅಲ್ಲಿ ಈ ಮೂರೂ ಸ್ತ್ರೀಲಿಂಗ.

ಇಂಥ ಸಂದೇಹಗಳಿಗೆ ನಮ್ಮ ಹಳೆಯ ವ್ಯಾಕರಣಗಳು ಉತ್ತರ ಕೊಡುವುದಿಲ್ಲ, ಕೊಡಬೇಕಾಗಿಯೂ ಇರಲಿಲ್ಲ. 1260ರ ಸುಮಾರಿನ ಕೇಶಿರಾಜನಿಗೆ ಕವಿಗಳ ಭಾಷೆ ಮುಖ್ಯ. 1604ರಲ್ಲಿ ಭಟ್ಟಾಕಳಂಕ ಸೂತ್ರ ಬರೆದದ್ದೇ ಸಂಸ್ಕೃತದಲ್ಲಿ. ಹೊರಗಿನಿಂದ ಬಂದು ಕಲಿಯುವವನನ್ನು ಎದುರಿಗೆ ಕೂರಿಸಿಕೊಂಡು ಬರೆದವರು ಮಿಷನರಿಗಳು. ವಿಲಿಯಂ ಕೇರಿಯ ಮರಾಠಿ ವ್ಯಾಕರಣ 1805ರಲ್ಲಿ, ಕನ್ನಡದ್ದು 1817ರಲ್ಲಿ ಬಂತು, ಕಿಟೆಲ್ಲರ ಕನ್ನಡ ವ್ಯಾಕರಣ 1903ರಲ್ಲಿ. ಆದರೆ ಅವೆಲ್ಲ ಇಂಗ್ಲಿಷ್ ಬಲ್ಲವನ ಪ್ರಶ್ನೆಗಳಿಗೆ ಉತ್ತರ. ಮರಾಠಿ ಕಲಿಯುವ ಕನ್ನಡಿಗನ ಪ್ರಶ್ನೆಗಳೇ ಬೇರೆ. ಅವನಿಗೆ ರಾಮ ಮಾವಿನಹಣ್ಣು ತಿಂದರೂ ‘ತಿಂದ’, ಭಾಕರಿ ತಿಂದರೂ ‘ತಿಂದ’. ಮರಾಠಿಯಲ್ಲಿ ‘ಆಂಬಾ ಖಾಲ್ಲಾ’, ‘ಭಾಕರಿ ಖಾಲ್ಲಿ’. ತಿಂದವನನ್ನು ಬಿಟ್ಟು ಕ್ರಿಯಾಪದ ತಿನಿಸಿನ ಬೆನ್ನು ಹತ್ತುತ್ತದೆ.

ಹೀಗೆ ಅಕ್ಕಪಕ್ಕದ ಭಾಷೆಗಳನ್ನು ಹೋಲಿಸುವ ಅಧ್ಯಯನದ ದಿಕ್ಕು ತಿರುಗಿದ್ದು ಇದೇ ಸಾಂಗ್ಲಿ ಜಿಲ್ಲೆಯಲ್ಲಿ. 1971ರಲ್ಲಿ ಸಂಶೋಧಕರಾದ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಕುಪವಾಡದ ಮಾತಿನ ಬಗ್ಗೆ ಪ್ರಬಂಧ ಪ್ರಕಟಿಸಿದರು. ಜೈನರು ಕನ್ನಡ, ಮುಸ್ಲಿಮರು ಉರ್ದು, ದಲಿತರು ಮರಾಠಿ ಆಡುತ್ತಿದ್ದ ಆ ಊರಲ್ಲಿ ಶಬ್ದಗಳು ಬೇರೆ ಬೇರೆ ಉಳಿದು, ವಾಕ್ಯದ ಕಟ್ಟು ಹೆಚ್ಚುಕಡಿಮೆ ಒಂದೇ ಆಗಿತ್ತು. ಒಂದು ಭಾಷೆಯ ಪದ ತೆಗೆದು ಆ ಜಾಗದಲ್ಲಿ ಇನ್ನೊಂದರ ಪದ ಇಟ್ಟರೆ ಅನುವಾದ ಮುಗಿಯಿತು. ಅಲ್ಲಿನ ಮರಾಠಿ ಕನ್ನಡದ ಲಿಂಗ ಪದ್ಧತಿಗೆ ಒಗ್ಗಿತ್ತು: ಮನುಷ್ಯರನ್ನು ಬಿಟ್ಟು ಉಳಿದದ್ದೆಲ್ಲ ನಪುಂಸಕ. ಕನ್ನಡವೂ ಕೊಡುಕೊಳ್ಳುವಿಕೆಯಲ್ಲಿ ಹಿಂದೆ ಬಿದ್ದಿರಲಿಲ್ಲ. ‘ಇದು ನಮ್ಮ ಮನಿ’ ಎಂದು ನಿಲ್ಲಿಸದೆ, ಮರಾಠಿಯ ‘ಆಹೆ’ಯಂತೆ ಕೊನೆಗೊಂದು ಕ್ರಿಯಾಪದ ಸೇರಿಸಿಕೊಂಡಿತ್ತು. ನನ್ನ ಮಟ್ಟಿಗೆ ಗಡಿಭಾಗದ ಅತಿ ಒಳ್ಳೆಯ ವ್ಯಾಕರಣ ಪಾಠ ಇದೇ. ಅದನ್ನು ಕಟ್ಟಿದವರು ಊರಿನ ಜನ, ಯಾವ ಪಂಡಿತರೂ ಅಲ್ಲ.

ಪುಣೆಯ ಭಾಷಾವಿಜ್ಞಾನಿ ಸೋನಲ್ ಕುಲಕರ್ಣಿ-ಜೋಶಿ 2016ರ ಪ್ರಬಂಧದಲ್ಲಿ ನಾಲ್ಕು ದಶಕಗಳ ನಂತರದ ಕುಪವಾಡವನ್ನು ನೋಡಿ, ಪದಕ್ಕೆ ಪದ ಇಡುವ ಆ ಹಳೆಯ ಮಾದರಿಯನ್ನೇ ಒರೆಗೆ ಹಚ್ಚಿದರು. ಇತ್ತ ಶಾಲೆಯ ಮರಾಠಿಯ ಬಲವೂ ಬೆಳೆಯುತ್ತ ಬಂದಿದೆ. ಪಠ್ಯಪುಸ್ತಕ ತಯಾರಿಸಲು ಬಾಲಭಾರತಿ ಸಂಸ್ಥೆ 1967ರಲ್ಲೇ ಹುಟ್ಟಿತ್ತು. 2020ರ ಕಾಯ್ದೆ ರಾಜ್ಯದ ಎಲ್ಲ ಶಾಲೆಗಳಲ್ಲಿ ಮರಾಠಿಯನ್ನು ಕಡ್ಡಾಯ ಮಾಡಿತು. ಸಂತೆಯಲ್ಲಿ ನಡೆಯುವ ನಪುಂಸಕಲಿಂಗ ಪರೀಕ್ಷೆಯಲ್ಲಿ ನಡೆಯುವುದಿಲ್ಲ.

ಕನ್ನಡದ ಹುಡುಗ ಎಲ್ಲ ಕಡೆ ಎಡವುತ್ತಾನೆ ಎಂದೇನಿಲ್ಲ. ‘ನನಗ ಚಹಾ ಸೇರತೈತಿ’ ಎನ್ನುವವನಿಗೆ ಮರಾಠಿಯ ‘ಮಲಾ ಚಹಾ ಆವಡತೋ’ ಸಲೀಸು, ಸ್ಪ್ಯಾನಿಷಿನ ‘ಮೆ ಗುಸ್ತಾ’ ಕೂಡ. ಇಂಗ್ಲಿಷಿನವರು ವಾರಗಟ್ಟಲೆ ತಿಣುಕುವ ಪಾಠ ಅದು.