ಬೆರಳ ತುದಿಯ ಹನಿ ಮತ್ತು ಪ್ರಯೋಗಾಲಯದ ನಂಬಿಕೆ

ಮನೆಯಲ್ಲೇ ಬೆರಳು ಚುಚ್ಚಿಕೊಂಡು ತೆಗೆದ ರಕ್ತವನ್ನು ಪ್ರಯೋಗಾಲಯ ಎಷ್ಟು ನಂಬಬಹುದು ಎಂಬ ಚರ್ಚೆ ಸಾಮಾನ್ಯವಾಗಿ ಚುಚ್ಚಿದ ಕೈಯ ಸುತ್ತಲೇ ತಿರುಗುತ್ತದೆ: ತರಬೇತಿ ಇಲ್ಲದವರು ತೆಗೆದದ್ದು, ಆದ್ದರಿಂದ ಸಂಶಯಾಸ್ಪದ. ಈ ವಿಧಾನದ ಇತಿಹಾಸವನ್ನು ನೋಡಿದರೆ ಕೈಗಿಂತ ಮುಖ್ಯವಾದ ಸಂಗತಿ ಬೇರೊಂದು ಕಾಣುತ್ತದೆ. ಅಳೆಯುವ ವಸ್ತುವಿನ ಪ್ರಮಾಣ ರೋಗಿಯಲ್ಲಿ ಆರೋಗ್ಯವಂತರದಕ್ಕಿಂತ ಎಷ್ಟು ದೂರ ನಿಂತಿದೆ, ಹನಿಯಿಂದ ಹನಿಗೆ ಆಗುವ ಏರುಪೇರು ಆ ದೂರಕ್ಕಿಂತ ಚಿಕ್ಕದೋ ದೊಡ್ಡದೋ ಎಂಬುದೇ ಅದು.

1963ರಲ್ಲಿ ಅಮೆರಿಕದ ರಾಬರ್ಟ್ ಗುತ್ರೀ ಮತ್ತು ಸೂಸಿ, ನವಜಾತ ಶಿಶುವಿನ ಹಿಮ್ಮಡಿಯ ರಕ್ತವನ್ನು ಸೋಸುಕಾಗದದ ಮೇಲೆ ಒಣಗಿಸಿ ಫೀನೈಲ್‌ಅಲನೀನ್ ಪತ್ತೆಹಚ್ಚುವ ವಿಧಾನವನ್ನು ಪ್ರಕಟಿಸಿದರು. ಆರೋಗ್ಯವಂತ ಮಗುವಿನಲ್ಲಿ ಡೆಸಿಲೀಟರಿಗೆ 2 ಮಿಲಿಗ್ರಾಂ ಆಸುಪಾಸಿನಲ್ಲಿರುವ ಈ ಅಮೈನೋ ಆಮ್ಲ, ತೀವ್ರ ಫೀನೈಲ್‌ಕೀಟೋನೂರಿಯ ರೋಗದಲ್ಲಿ 20ನ್ನು ದಾಟುತ್ತದೆ. ಹತ್ತು ಪಟ್ಟು ಅಂತರದ ಮುಂದೆ ಹನಿಯ ಏರುಪೇರು ಲೆಕ್ಕಕ್ಕೆ ಬರಲಿಲ್ಲ. 1978ರಲ್ಲಿ ಬ್ರಿಟನ್ನಿನ ಎರಡು ತಂಡಗಳು, ಸಕ್ಕರೆ ಕಾಯಿಲೆಯವರು ಮನೆಯಲ್ಲಿ ತಾವೇ ರಕ್ತದ ಗ್ಲೂಕೋಸ್ ಅಳೆದುಕೊಳ್ಳಬಲ್ಲರೆಂದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತೋರಿಸಿದವು. ಗ್ಲೂಕೋಸಿನ ವ್ಯಾಪ್ತಿಯೂ ದೊಡ್ಡದು; ಮೇಲಾಗಿ ಪದೇಪದೇ ಅಳೆಯುವವರಿಗೆ ಒಂದು ತಪ್ಪು ಅಂಕಿ ಉಳಿದವುಗಳ ನಡುವೆ ಎದ್ದು ಕಾಣುತ್ತದೆ. ಕೈಯ ತಪ್ಪು ಇಲ್ಲವೆಂದಲ್ಲ. ಹಣ್ಣು ಸುಲಿದ ಬೆರಳಿನಿಂದ ತೆಗೆದ ರಕ್ತದಲ್ಲಿ ಗ್ಲೂಕೋಸ್ ಸುಳ್ಳೇ ಏರುತ್ತದೆ, ಆಲ್ಕೊಹಾಲಿನಿಂದ ಒರೆಸಿದರೆ ಸಾಲದು, ನೀರಿನಲ್ಲಿ ತೊಳೆದರೆ ಸರಿಹೋಗುತ್ತದೆ ಎಂದು 2011ರ ಜಪಾನೀ ಅಧ್ಯಯನ ಕಂಡುಕೊಂಡಿತು. ಇಂಥ ತಪ್ಪನ್ನು ತಿದ್ದಲು ಒಂದು ಸೂಚನಾಪತ್ರ ಸಾಕು.

ಹಿಮೋಗ್ಲೋಬಿನ್ನಿನ ಕಥೆ ಹಾಗಲ್ಲ. ರಕ್ತಹೀನತೆಯ ಗಡಿರೇಖೆ ಹಾದುಹೋಗುವುದೇ ಜನ ದಟ್ಟವಾಗಿರುವ ಅಂಕಿಗಳ ನಡುವೆ; ಡೆಸಿಲೀಟರಿಗೆ ಒಂದು ಗ್ರಾಂ ಹೆಚ್ಚುಕಡಿಮೆಯಾದರೆ ಅಸಂಖ್ಯಾತರು ಗೆರೆಯ ಆಚೀಚೆ ಆಗುತ್ತಾರೆ. 2015ರಲ್ಲಿ ರೈಸ್ ವಿಶ್ವವಿದ್ಯಾಲಯದ ಮೇಗನ್ ಬಾಂಡ್ ಮತ್ತು ರೆಬೆಕಾ ರಿಚರ್ಡ್ಸ್-ಕೋರ್ಟಮ್, ಒಂದೇ ಬೆರಳಿನ ಸಾಲುಹನಿಗಳನ್ನು ಅಳೆದು, ಅಭಿಧಮನಿಯ ರಕ್ತದಷ್ಟು ಸ್ಥಿರವಾದ ಫಲಿತಾಂಶಕ್ಕೆ ಆರರಿಂದ ಒಂಬತ್ತು ಹನಿಗಳ ಸರಾಸರಿ ಬೇಕೆಂದರು. ಇದು ಪಳಗಿದ ಕೈಗೂ ತಪ್ಪದ ಏರುಪೇರು. ಭಾರತದಲ್ಲಿ ಇದರ ಭಾರ ದೊಡ್ಡದು. ಹನಿರಕ್ತವನ್ನು ಆಧರಿಸಿದ 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಎಳೆಯ ಮಕ್ಕಳಲ್ಲಿ ಸುಮಾರು 59% ರಕ್ತಹೀನತೆ ಕಂಡರೆ, ಅಭಿಧಮನಿಯ ರಕ್ತ ಬಳಸಿದ 2016-18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆ ಕಂಡದ್ದು ಸುಮಾರು 41%. ಎರಡರ ವಯೋಮಿತಿ, ಯಂತ್ರ ಒಂದೇ ಅಲ್ಲವಾದ್ದರಿಂದ ಇಡೀ ವ್ಯತ್ಯಾಸವನ್ನು ಹನಿಯ ತಲೆಗೆ ಕಟ್ಟುವುದು ಅನ್ಯಾಯ. ಆದರೂ ಕಬ್ಬಿಣಾಂಶದ ಮಾತ್ರೆ ಹಂಚುವ ನೀತಿ ನಿಂತಿರುವ ಅಂಕಿಯ ಬಗ್ಗೆ ಈ ಪ್ರಶ್ನೆಯನ್ನು ಬದಿಗೊತ್ತಲಾಗದು.

ಹಾಗಾದರೆ ಬೆರಳಿನ ರಕ್ತವನ್ನೇ ಬಿಡಬೇಕೇ? ಒಂದೆರಡು ಹನಿಯಿಂದ ನೂರಾರು ಪರೀಕ್ಷೆ ಎಂದು ಸಾರಿದ ಥೆರನೋಸ್ ಕಂಪನಿ 2016ರಲ್ಲಿ ತನ್ನ ಎಡಿಸನ್ ಯಂತ್ರದ ಎರಡು ವರ್ಷಗಳ ಫಲಿತಾಂಶಗಳನ್ನು ರದ್ದುಪಡಿಸಬೇಕಾಯಿತು. ಹಲವರು ಅದನ್ನೇ ಮುಂದಿಟ್ಟು ಇಡೀ ವಿಧಾನವನ್ನು ತಳ್ಳಿಹಾಕುತ್ತಾರೆ. ನನಗೆ ಆ ತೀರ್ಮಾನ ಅವಸರದ್ದು ಎನಿಸುತ್ತದೆ. ಎಚ್‌ಬಿಎ1ಸಿಯನ್ನು ನೋಡಿ: ಅದು ಒಟ್ಟು ಹಿಮೋಗ್ಲೋಬಿನ್ನಿನಲ್ಲಿ ಸಕ್ಕರೆ ಅಂಟಿದ ಪಾಲು. ಬೆರಳು ಹಿಂಡಿದಾಗ ಅಂಗಾಂಶದ ದ್ರವ ಬೆರೆತರೂ ಅಂಶ, ಛೇದ ಎರಡೂ ಸಮನಾಗಿ ತೆಳುವಾಗುತ್ತವೆ, ಅನುಪಾತ ಉಳಿಯುತ್ತದೆ. ಪೊಟ್ಯಾಸಿಯಂ ಇದಕ್ಕೆ ತದ್ವಿರುದ್ಧ. ಅದರ ಸಹಜ ವ್ಯಾಪ್ತಿ ಲೀಟರಿಗೆ 3.5ರಿಂದ 5 ಮಿಲಿಮೋಲ್ ಆಸುಪಾಸು, ಅಷ್ಟೇ. ಕೆಂಪು ರಕ್ತಕಣಗಳ ಒಳಗೋ ಅದು ಹೇರಳ. ಹಿಂಡುವಾಗ ಕೆಲವು ಕಣ ಒಡೆದರೂ ಸಾಕು, ಆರೋಗ್ಯವಂತರ ವರದಿಯಲ್ಲಿ ಅಪಾಯದ ಅಂಕಿ ಮೂಡುತ್ತದೆ. ಮನೆಯಿಂದ ಬಂದ ಒಂದೇ ನಳಿಕೆಯಿಂದ ಮೊದಲನೆಯದನ್ನು ಧೈರ್ಯವಾಗಿ ವರದಿ ಮಾಡಿ, ಎರಡನೆಯದನ್ನು ಮಾಡಲೊಪ್ಪದೆ ರೋಗಿಯನ್ನು ಅಭಿಧಮನಿಯ ರಕ್ತಕ್ಕಾಗಿ ಕರೆಸಿಕೊಳ್ಳುವ ಪ್ರಯೋಗಾಲಯವೇ ಸರಿಯಾದ ಕೆಲಸ ಮಾಡುತ್ತಿದೆ.