ಕಾಳೀನದಿಯ ಮಹಶೀರು

ಚನ್ನಬಸವಣ್ಣನವರ ಸಮಾಧಿಯಿಂದ ಪುನೀತವಾದ ಉಳವಿಯ ಸೀಮೆಯಲ್ಲಿ, ಡಿಗ್ಗಿಯ ಬಳಿ ಹುಟ್ಟಿ ಬಂಡೆಗಳ ನಡುವೆ ಭೋರ್ಗರೆದು ದಾಂಡೇಲಿಯತ್ತ ಇಳಿಯುವ ಕಾಳೀನದಿಯು, ಸೆಳವನ್ನೂ ಆಳವಾದ ಮಡುವನ್ನೂ ಒಟ್ಟಿಗೆ ಬಯಸುವ ಮಹಶೀರು ಮೀನಿಗೆ ಒಪ್ಪುವಂತಹುದು. ಈ ಮೀನಿನ ಬೇಟೆಗೆ ಶಾಸ್ತ್ರರೂಪವನ್ನಿತ್ತ ‘ದಿ ರಾಡ್ ಇನ್ ಇಂಡಿಯಾ’ ಗ್ರಂಥವು 1873ರಲ್ಲಿ ಪ್ರಕಟವಾಯಿತು. ಕರ್ತೃವಾದ ಹೆನ್ರಿ ಸಲಿವನ್ ಥಾಮಸನು ನೆರೆಯ ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿದ್ದವನು.

ಬಾಯಲ್ಲಿ ಹಲ್ಲಿಲ್ಲದಿದ್ದರೂ ಗಂಟಲೊಳಗಣ ದಂತಪಂಕ್ತಿಯಿಂದ ಏಡಿಯನ್ನೂ ಜಜ್ಜಿ ನುಂಗುವ ಮಹಶೀರನ್ನು, ನೀರಿನಲ್ಲಿ ತಿರುತಿರುಗಿ ಮಿನುಗುತ್ತ ಮರಿಮೀನಿನ ಭ್ರಾಂತಿಯನ್ನು ಹುಟ್ಟಿಸುವ ಲೋಹದ ಚಮಚದಿಂದಲೋ, ಬಿಗಿಯಾಗಿ ನಾದಿದ ರಾಗಿಹಿಟ್ಟಿನ ಉಂಡೆಯಿಂದಲೋ ಸೆಳೆಯುತ್ತಿದ್ದರು. ಗಾಳ ಕಚ್ಚಿದೊಡನೆ ಅದು ಹೂಡುವ ಮೊದಲ ಓಟದಲ್ಲಿಯೇ ದಾರ ತುಂಡಾಗುವುದುಂಟು. 1946ರಲ್ಲಿ ಕಬಿನಿಯಲ್ಲಿ ಸಿಕ್ಕ ಒಂದು ಮಹಶೀರು 120 ಪೌಂಡು ತೂಗಿತು.

ಆದರೆ ಥಾಮಸನ ಹಿರಿಮೆ ನನಗೆ ಕಾಣುವುದು ಅವನ ಬೇಟೆಗಿಂತ ಹೆಚ್ಚಾಗಿ, ಹೊಳೆಗೆ ವಿಷವಿಕ್ಕುವುದನ್ನು ಅವನು ಖಂಡಿಸಿದುದರಲ್ಲಿ. ವಿಷಪ್ರಯೋಗವನ್ನೂ ಸಿಡಿಮದ್ದನ್ನೂ ನಿಷೇಧಿಸುವ ಕಾನೂನು 1897ರಲ್ಲಿ ಬಂದಿತು. ಮುಂದೆ ಕಾಳಿಗೆ ಅಡ್ಡವಾಗಿ ಕಟ್ಟಿದ ಸೂಪಾ ಅಣೆಕಟ್ಟಿನ ಹಿನ್ನೀರು ಹಳೆಯ ಸೂಪಾ ಊರಿನೊಡನೆ ಎಷ್ಟೋ ಸೆಳವುಗಳನ್ನೂ ಮುಳುಗಿಸಿತು. ಉಳಿದ ಮಡುಗಳಿಗಾದರೂ ಮದ್ದು ಬೀಳದಂತೆ ಈ ಸೀಮೆಯ ಜೋಯಿಡಾ ತಾಲ್ಲೂಕಿನ ಜನರು ಕಾಯಬೇಕು.